ಬಲೆಯಿಲ್ಲದ ಬಡಿತ

ನಮ್ಮಪ್ಪ ಹರಿಗೋಲಿನ ಅಂಚಿಗೆ ಹುಟ್ಟಿನಿಂದ ಬಡಿಯುತ್ತಿದ್ದ.
ಡಬ್ಬ್. ಉಸಿರು ಎಳೆದು ಬಿಡುವಷ್ಟು ಹೊತ್ತು. ಡಬ್ಬ್ ಡಬ್ಬ್.
ಬೆದರಿದ ಮೀನು ನೆಟ್ಟಗೆ ಬಂದು
ಕಟ್ಟುಬಲೆಗೆ ಮೂತಿ ಸಿಕ್ಕಿಸುತ್ತಿತ್ತು.
ಹಗ್ಗ ಹಿಡಿದು ಕೂರುವುದು ನನ್ನ ಪಾಲಿನ ಕೆಲಸ,
ಬೆರಳಲ್ಲಿ ಕೇಳುವುದು.

ಅವನದ್ದು ಚಕ್ಕಳದ್ದು, ನನ್ನದು ಫೈಬರಿನದು.
ಅದರಲ್ಲಿ ಇವತ್ತು ಇಲಾಖೆಯ ಹುಡುಗಿ ನಸ್ರೀನ್,
ಅವಳ ಕಾಲ ಬಳಿ ಕಾರಿನ ಬ್ಯಾಟರಿ,
ಗೋಣಿಚೀಲದ ಮೇಲೆ ನಾಲ್ಕು ಕರಿ ಡಬ್ಬಿ
ಒಂದೊಂದೂ ರಾಗಿಮುದ್ದೆ ಗಾತ್ರ.
ನೀರೊಳಗೆ ಕೂಗುವ ಸ್ಪೀಕರಂತೆ.

ಗೊರೂರಿನ ಹಿನ್ನೀರು ಇಲ್ಲಿ ನಾಲೆಯ ಬಾಯಿಗೆ ತಿರುಗುತ್ತದೆ.
ತೂಬು ಎತ್ತಿದರೆ ಅದು ನೀರಲ್ಲ, ಬರೀ ಎಳೆತ.
ಆಚೆಗೆ ಹೋದ ವರ್ಷ ಕೂರಿಸಿದ ಟರ್ಬೈನು.
ಒಂದು ಬೆಳಿಗ್ಗೆ ಕೆಳಗಿನ ಮೆಟ್ಟಿಲ ಮೇಲೆಲ್ಲ
ಕಾಟ್ಲಾ, ರೋಹು, ಗೆಂಡೆ.
ಹೆಂಡತಿ ಕೆಂಪಾಜಮ್ಮ ಸಂತೆಯಲ್ಲಿ ಮೀನು ಕೊಯ್ಯುವವಳು,
ಒಂದು ತುಂಡೆತ್ತಿ ತಿರುಗಿಸಿ ನೋಡಿ ಅಂದಳು:
“ಹೊಟ್ಟೆಗೋಸ್ಕರ ಕೊಯ್ಯೋರು ಹಿಂಗೆ ಕೊಯ್ಯಲ್ಲ.”

ನಸ್ರೀನ್ ಎಲ್ಲ ಸದ್ದೂ ಹಾಕಿ ನೋಡಿದ್ದಾಳೆ.
ಮೋಟಾರಿನ ಗೊರಗೊರ, ಕಬ್ಬಿಣಕ್ಕೆ ಕಬ್ಬಿಣ,
ನೀರುನಾಯಿಯ ಸಿಳ್ಳೆ ಕೂಡ.
ಮೊದಲ ದಿನ ಚದುರುತ್ತವೆ.
ನಾಲ್ಕನೇ ದಿನಕ್ಕೆ ಸದ್ದು ಮನೆಯ ನೆಂಟ,
ಅದರ ಪಾಡಿಗೆ ಅದು, ಇವುಗಳ ಪಾಡಿಗೆ ಇವು.

ಸುಮ್ಮನೆ ಇರಲಾರದೆ ಹುಟ್ಟೆತ್ತಿ ಅಂಚಿಗೆ ಬಡಿದೆ.
ಕಿವಿಯ ಮೇಲಿನ ಬಟ್ಟಲು ಕಿತ್ತು ಅವಳು ನನ್ನನ್ನೇ ನೋಡಿದಳು.
“ಇನ್ನೊಂದ್ಸಲ ಬಡೀರಿ. ನಡುವೆ ಬಿಡ್ತೀರಲ್ಲ, ಅದೂ ಬೇಕು.”
ಮೂರು ಸಂಜೆ ಬಡಿದೆ.
ಒಂದು ಬಿಡುವಿನ ಹಾಗೆ ಇನ್ನೊಂದು ಬರಲಿಲ್ಲ,
ಕೈ ಸೋತಿತ್ತು, ವಯಸ್ಸೂ ಆಗಿದೆ.
ಹಾಗೇ ಇರಲಿ, ಎಣಿಸಲು ಬಾರದ್ದಕ್ಕೆ ಒಗ್ಗುವುದು ಕಷ್ಟ ಅಂದಳು.

ರಾತ್ರಿಯೆಲ್ಲ ಈಗ ಅಪ್ಪ ಬ್ಯಾಟರಿಯಲ್ಲಿ ಬಡಿಯುತ್ತಾನೆ.
ಹಿಡಿಯುವುದಕ್ಕಲ್ಲ.
ದಡದಲ್ಲಿ ನಿಂತರೆ ಕಪ್ಪೆ ಕೂಗುತ್ತದೆ, ದೂರದ ಲಾರಿ,
ಇದೊಂದು ಮಾತ್ರ ಕೇಳಿಸುವುದಿಲ್ಲ.

ಮೀನಿನ ತಲೆಯೊಳಗೆ ನುಚ್ಚಕ್ಕಿಯಷ್ಟು ಬಿಳಿಕಲ್ಲು,
ಕೇಳುವುದು ಅದರಿಂದ ಅಂತ ನಸ್ರೀನ್ ಹೇಳಿದ ಮೇಲೆ
ಕೆಂಪಾಜಮ್ಮ ಈಳಿಗೆ ಮಣೆ ಬಿಟ್ಟು ಎದ್ದು ಕೈ ತೊಳೆದಳು.
“ನಲವತ್ತು ವರ್ಸದಿಂದ ಕಿವಿ ಎಸೀತಿದೀನಿ ಕಾಗೆಗೆ.”
ಮತ್ತೆ ಕೂತು ಕೊಯ್ದಳು, ಗಿರಾಕಿ ಕಾಯುತ್ತಿದ್ದ.

ಮೆಟ್ಟಿಲ ಮೇಲೆ ಹೋದ ವಾರ ಎರಡು ಗೆಂಡೆ.
ಜೊತೆಗೆ ಒಂದು ಹಾವುಮೀನು, ನನ್ನ ತೋಳಿಗಿಂತ ಉದ್ದ,
ಬಾಲದ ಕಡೆ ಇನ್ನೂ ಮಿಸುಕುತ್ತಿತ್ತು.
ಇದಕ್ಕೆ ನಮ್ಮ ಸದ್ದು ಅಷ್ಟಾಗಿ ತಾಕುವುದಿಲ್ಲ ಅಂದಳು.
ಮೊಟ್ಟೆ ಇಡಲು ಕಡಲಿಗೆ ಹೊರಟಿದ್ದಂತೆ.
ಕಡಲಿಗಾ? ಇಲ್ಲಿಂದಲಾ?
ಹೇಮಾವತಿ, ಕಾವೇರಿ, ನಡುವೆ ಅಡ್ಡಗಟ್ಟೆ ಎಷ್ಟು ಅಂತ
ಬೆರಳು ಮಡಿಸುತ್ತ ಹೋದವಳು
ಎರಡನೇ ಕೈಗೆ ಬಂದಾಗ ನಿಲ್ಲಿಸಿದಳು.

ಆ ರಾತ್ರಿ ನಿದ್ದೆ ಬಾರದೆ ಹರಿಗೋಲು ಹಾಕಿದೆ.
ಡಬ್ಬಿ ಇಳಿಬಿಟ್ಟ ಹಗ್ಗಕ್ಕೆ ಬೆರಳು ಕೊಟ್ಟು ಕೂತೆ,
ಹುಡುಗನಾಗಿದ್ದಾಗ ಕೂತ ಹಾಗೆ.
ಡಬ್ಬ್.
ಗೆಂಡೆಗಳ ಒಂದು ಗುಂಪು ಬಳುಕಿ ತಿರುಗಿತೇನೋ,
ನೀರು ಕೊಂಚ ಕುಲುಕಿತು.
ಡಬ್ಬ್ ಡಬ್ಬ್.
ಆಮೇಲೆ ಆ ಬಿಡುವು, ನನ್ನ ಸೋತ ಕೈಯದು.
ಅದರೊಳಗೆ ಏನೋ ಉದ್ದನೆಯದು ಹಗ್ಗ ಸವರಿಕೊಂಡು
ಅವಸರವಿಲ್ಲದೆ ಹೋಯಿತು
ತೂಬಿನ ಕಡೆಗೆ.