ಕೊಸರು

ಕರೆಂಟು ಬಿಲ್ಲಿನ ಬೆನ್ನಿಗೆ
ಲಮಾರಾ ವಾರ ಬರೆದಳು:
ಸೋಮವಾರ ಕೆಂಪುಕಾಳು, ಮಂಗಳವಾರ ಅದರದೇ ತಂಗಳು.
ಬುಧವಾರ ಅತ್ತೆಗೆ ಉಪವಾಸ, ಬೆಣ್ಣೆ ಸೋಕಬಾರದು;
ಚಿಕ್ಕವನಿಗೋ ಚೀಸಿಲ್ಲದೆ ಗಂಟಲಿಗಿಳಿಯದು.
ಗುರುವಾರ ನೈಟ್ ಡ್ಯೂಟಿ:
ಏನಾದರೂ ಮಾಡಿಕೊಂಡು ತಿನ್ನಿ
ಎಂದು ಬರೆದು, ಹೊಡೆದುಹಾಕಿ,
ಆಲೂಗಡ್ಡೆ ಎಂದಳು.
ಗಂಡ ನಡುವೆ ತೂರಿಸಿದ: ಬ್ಲೇಡು.
ಮಗಳು: ಶಾಂಪೂ, ಆ ದುಬಾರಿಯದು.

ಟಿಬಿಲಿಸಿಯ ಸ್ಟೇಷನ್ ಹಿಂದಿನ ಸಂತೆ.
ಬದನೆ ಎರಡು ಕಿಲೋ. ಕೊತ್ತಂಬರಿಗೆ ಚೌಕಾಸಿ.
ಚೀಲದ ಕಿವಿ ಬೆರಳಿಗೆ ಗೆರೆ ಕೊರೆದಿತ್ತು.
ಅಕ್ರೋಟಿನ ಮುದುಕ ತಕ್ಕಡಿ ಇಳಿಸಿ
ಮೇಲೊಂದು ಹಾಕಿದ.

ತೂಗಿದ್ದು ಮನೆಗೆ.
ಆ ಒಂದನ್ನು ಮಾತ್ರ
ಮೆಟ್ರೋ ಮೆಟ್ಟಿಲಲ್ಲಿ ಕೂತು
ಬೂಟಿನ ಹಿಮ್ಮಡಿಗೆ ಒಡೆದು
ಒಬ್ಬಳೇ ತಿಂದಳು.

ಸಿಪ್ಪೆ ಜೇಬಿಗೆ.
ರೈಲು ಬಂತು.