ಆರುವ ತನಕ

ಹೊರಡುವುದೇ ಒಂದು ಹೊತ್ತಿನ ಕೆಲಸ.
ಸಂಜೆ ನಾಲ್ಕೂವರೆಗೇ ಕಿತಾಮಿಯಲ್ಲಿ ಕತ್ತಲು,
ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಅಪ್ಪ ಎಂಜಿನ್ ಹಚ್ಚಿ, ಇಳಿದು,
ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಲ್ಲುತ್ತಿದ್ದ
ಮಗುವಿನ ಜ್ವರ ನೋಡುವವನ ಹಾಗೆ.
"ಎಣ್ಣೆ ಈಗ ಕಾಕಂಬಿ," ಅನ್ನುತ್ತಿದ್ದ
(ಸಕ್ಕರೆ ಕಾರ್ಖಾನೆಯವನಿಗೆ ಬೇರೆ ಹೋಲಿಕೆ ಎಲ್ಲಿಂದ ಬರಬೇಕು),
"ಹರಿಯಲಿ. ಮೂಲೆ ಮೂಲೆ ಮುಟ್ಟಲಿ.
ಆಮೇಲೂ ಮೆಲ್ಲಗೆ, ಸೇತುವೆ ದಾಟುವ ತನಕ.
ಕಾಯದೆ ತುಳಿದೆಯೋ, ಸೇಡು ಇಟ್ಟುಕೊಳ್ಳುತ್ತೆ."

ಟರ್ಬೊ ಅಂದರೆ ಅಂಗೈಯಗಲದ ಬಸವನಹುಳು,
ಅದರ ಹೊಟ್ಟೆಯಲ್ಲೊಂದು ಗಿರಗಟ್ಟೆ.
ನಿಮಿಷಕ್ಕೆ ಲಕ್ಷ ಸುತ್ತು.
ಎಂಜಿನ್ ಬಿಟ್ಟ ಉಸಿರನ್ನೇ ಉಂಡು
ಎಂಜಿನ್ನಿಗೇ ಹೊಸ ಉಸಿರು ಊದುವುದು.
ಕೆಂಪಗೆ ಕಾದು ಓಡಿಬಂದದ್ದನ್ನು
ಥಟ್ಟನೆ ಆರಿಸಿದರೆ
ಎಣ್ಣೆ ನಿಂತಲ್ಲೇ ಸೀದು, ಕರಿಕಾಗಿ,
ಅದರ ಕೊರಳು ಹಿಡಿಯುವುದು.

ಅದಕ್ಕೇ ಟೈಮರ್.
ಬೆಂಕಿಪೊಟ್ಟಣದಷ್ಟು ಡಬ್ಬಿ, ಕೆಂಪು ಅಂಕಿ.
ಕೀಲಿ ಕಿತ್ತು, ಬಾಗಿಲು ಜಡಿದು ಹೋದರೂ
ಖಾಲಿ ಕಾರು ತನ್ನಷ್ಟಕ್ಕೆ ಮೂರು ನಿಮಿಷ ಗುನುಗಿ
ತಾನಾಗಿ ಆರುವುದು.
ಪಕ್ಕದ ಹೊನ್ಮಾ ಅಜ್ಜಿ ಮೊದಲ ಸಲ ಕಂಡವಳು
ಚಕ್ರಗಳ ಸುತ್ತ ಉಪ್ಪು ಚೆಲ್ಲಿ ಹೋಗಿದ್ದಳು.
ಮನುಷ್ಯ ಮನೆಯೊಳಗೆ ಹೋಗಲೆಂದೇ ಮಾಡಿದ ಯಂತ್ರ ಅದು.

ಅಪ್ಪ ಇಳಿಯುತ್ತಿರಲಿಲ್ಲ.

ರಾತ್ರಿ ಪಾಳಿ ಮುಗಿದು ಬರುವುದು ದೂರದಿಂದಲೇ ಕೇಳುತ್ತಿತ್ತು:
ಸೇತುವೆಯಿಂದೀಚೆಗೆ ಹೆಣದ ಹಿಂದೆ ಹೋಗುವವರ ನಡೆ.
ಆಮೇಲೆ ಅಂಗಳದಲ್ಲಿ ಗುನುಗು.
ನಾನು ಕಿಟಕಿಯ ಹಿಮ ಉಗುರಲ್ಲಿ ಕೆರೆದು
ಒಂದು ಕಣ್ಣಿನಷ್ಟು ತೂತು ಮಾಡಿಕೊಳ್ಳುತ್ತಿದ್ದೆ.
ಕೀಲಿ ಅವನ ಮುಷ್ಟಿಯಲ್ಲಿ. ಟೋಪಿ ಹುಬ್ಬಿನ ತನಕ.
ಗದ್ದದ ಮೇಲೆ ಅಂಕಿಯ ಕೆಂಪು.
ನೂರೆಂಬತ್ತರಿಂದ ಹಿಂದಕ್ಕೆ ಎಣಿಸುತ್ತಿದ್ದೆ ನಾನು
(ಶಾಲೆಯಲ್ಲಿ ಕಳೆಯುವ ಲೆಕ್ಕಕ್ಕೆ ನನ್ನ ಬಿಟ್ಟರಿಲ್ಲ),
ಅರವತ್ತು ಅಂದಾಗ ಅಮ್ಮ ಮಿಸೊ ಸಾರು ಬಟ್ಟಲಿಗೆ ಬಗ್ಗಿಸುತ್ತಿದ್ದಳು.
ಸೊನ್ನೆಗೆ ಬಾಗಿಲು.
ಬಾಗಿಲಲ್ಲಿ, ನಗುವ ಅಪ್ಪ.

ಒಂದು ಫೆಬ್ರವರಿ.
ಸೊನ್ನೆ ಬಂತು. ಎಂಜಿನ್ ನಿಂತಿತು.
ಬಾಗಿಲು ತೆರೆಯಲಿಲ್ಲ.
ಸೊನ್ನೆಯಾಚೆಗೆ ಎಣಿಸುವುದನ್ನು ನಮಗಿನ್ನೂ ಕಲಿಸಿರಲಿಲ್ಲ.
ಕಾರಿನ ಗಾಜು ಒಳಗಿನಿಂದ ಬೆಳ್ಳಗಾಗುತ್ತ ಬಂತು,
ಮೊದಲು ಟೋಪಿ ಹೋಯಿತು, ಆಮೇಲೆ ಭುಜ.
ಅಮ್ಮ ಒಲೆ ಆರಿಸಿ
ಮನೆಯ ಚಪ್ಪಲಿಯಲ್ಲೇ ಹಿಮಕ್ಕಿಳಿದಳು.
ಗಾಜು ತಟ್ಟಲಿಲ್ಲ, ಕರೆಯಲಿಲ್ಲ,
ಆಚೆ ಕಡೆಯ ಬಾಗಿಲು ತೆರೆದು ಪಕ್ಕದಲ್ಲಿ ಕೂತಳು,
ಬೇಯುವ ತನಕ ಕಾದವಳು.
ಏನು ಮಾತಾಡಿದರೋ, ಆಡಿದರೋ ಇಲ್ಲವೋ.
ನನ್ನೆದುರು ಬಟ್ಟಲಲ್ಲಿ ಮಿಸೊ ತಳಕ್ಕಿಳಿದು
ಮೇಲೆ ತಿಳಿ ನಿಂತಿತು.

ಕಾರು ಈಗ ನನ್ನದು. ತುಕ್ಕು ಬಾಗಿಲಿನ ಅರ್ಧದವರೆಗೆ.
ಗ್ಯಾರೇಜಿನ ಕುದೋ ಬಾನೆಟ್ಟಿನೊಳಗಿಂದ ತಲೆ ಎತ್ತದೆ ಅಂದ:
"ಈ ಟರ್ಬೊಗೆ ನೀರಿನ ಕೊಳವೆಯೂ ಇದೆಯಮ್ಮ.
ಕೊನೆಯ ಮೂರ್ನಾಲ್ಕು ಕಿಲೋಮೀಟರು ನಿಧಾನ ಬಂದರೆ
ದಾರಿಯಲ್ಲೇ ಆರಿರುತ್ತೆ.
ಟೈಮರ್ ದಂಡ. ಕಿತ್ತುಬಿಡಲೇ?"

ಕೀಲಿ ನನ್ನ ಮುಷ್ಟಿಯಲ್ಲಿತ್ತು.

"ನಿಮ್ಮಪ್ಪನಿಗೂ ಹೇಳಿದ್ದೆ, ಕೂರಿಸುವ ದಿನವೇ."
"ಏನಂದರು?"

ಚಿಂದಿಯಲ್ಲಿ ಕೈ ಒರೆಸಿಕೊಂಡ ಕುದೋ,
ಒಂದೊಂದೇ ಬೆರಳು.
"ಮೂರು ನಿಮಿಷಕ್ಕೆ ಇಡು ಅಂದರು."