ಸೆಲರಿ ಕಡ್ಡಿ

ಮೂಳೆ ಮುರಿಯಲು ಸೆಲರಿ ಬೇಕು.
ತೀರ ಎಳೆಯದಾದರೆ ನಾರಿಲ್ಲ,
ಬಲಿತದ್ದಾದರೆ ಸದ್ದು ಮಂಕು.
ಸಾಂ-ದೆನಿಯ ಸಂತೆಗೆ ಬೆಳಿಗ್ಗೆ ಏಳಕ್ಕೇ ಹೋಗಿ
ಕಟ್ಟುಕಟ್ಟನ್ನೂ ಕಿವಿಯ ಹತ್ತಿರ ಹಿಡಿದು ಬಾಗಿಸುವ ನನ್ನನ್ನು ಕಂಡು
ಸೊಪ್ಪಿನ ಹೆಂಗಸು ಈಗ ನಗುವುದನ್ನೂ ಬಿಟ್ಟಿದ್ದಾಳೆ.

ಮೂವತ್ತು ವರ್ಷ
ಶಾಕೆ ತೆರ್ಜಿಯಾನ್‌ಳ ಮೂಳೆಗಳನ್ನು ನಾನೇ ಮುರಿದಿದ್ದೇನೆ.
ಪಕ್ಕೆಲುಬಿಗೆ ಎರಡು ಕಡ್ಡಿ, ಮಣಿಕಟ್ಟಿಗೆ ಅರ್ಧ,
ಕತ್ತಿಗಾದರೆ ಒದ್ದೆ ಕೈಗವಸಿನೊಳಗಿಟ್ಟು ಒಂದೇ ತಿರುವು.
ಅವಳ ಓಟವೂ ನನ್ನದೇ:
ಹೆಂಗಸರ ಬೂಟಿನಲ್ಲಿ ಮುಂಗಾಲಷ್ಟೇ ತುರುಕಿ
ಹಿಮ್ಮಡಿ ಹೊರಗೆ ಬಿಟ್ಟುಕೊಂಡು
ಕತ್ತಲಲ್ಲಿ, ನಿಂತಲ್ಲೇ ಓಡಿದ್ದೇನೆ
ಮಾರ್ಸೇಯ ಎಷ್ಟೋ ಮಾಳಿಗೆಗಳ ಮೇಲೆ.

ಅವಳು ಮಾತ್ರ ನಿಜವಾಗಿ ಬೀಳುತ್ತಿದ್ದಳು.
ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ;
ಇವಳಿಗೆ ಬಿದ್ದದ್ದಕ್ಕೇ ಕೂಲಿ,
ಮಹಡಿಗೆ ಇಷ್ಟು ಎಂದು.
ಬೋಮೋಂ ಬೀದಿಯ ಅರ್ಮೇನಿಯನ್ ದರ್ಜಿಯ ಮಗಳು.
ಅಪ್ಪ ಅವಳ ಕೋಟಿನ ಅಸ್ತರಿನೊಳಗೆ ಹತ್ತಿ ತುಂಬಿ
ಯಾರಿಗೂ ಕಾಣದ ಹಾಗೆ ಹೊಲಿದು ಕೊಡುತ್ತಿದ್ದ.
ಒಂದು ಸಿನಿಮಾವನ್ನೂ ನೋಡಲಿಲ್ಲವಂತೆ.
ಮನೆಗೆ ಬಂದವಳನ್ನು ಕೇಳುತ್ತಿದ್ದದ್ದು
ಹೊಲಿಗೆ ಬಿಚ್ಚಿತಾ, ಅಷ್ಟೇ.

ಮೊದಲ ಚಿತ್ರದಲ್ಲಿ ಅವಳಿಗೆ ಹೆಸರೇ ಇಲ್ಲ,
'ಮೋಟಾರ್‌ಸೈಕಲ್ ಹುಡುಗಿ'.
ಎರಡನೆಯದರಲ್ಲಿ ಹನ್ನೊಂದನೆಯ ನಿಮಿಷಕ್ಕೆ ಸತ್ತಳು,
ನಾಯಕನಿಗೆ ಸೇಡಿಗೊಂದು ಕಾರಣ ಬೇಕಿತ್ತಲ್ಲ.
ಆಮೇಲೆ ಪೊಲೀಸ್, ಆಮೇಲೆ ಕಳ್ಳಿ, ಮತ್ತೆ ಪೊಲೀಸ್;
ಮಾತು ಒಂದೇ: "ತಲೆ ತಗ್ಗಿಸಿ!"
ಅದನ್ನು ಅವಳು ಹದಿನಾಲ್ಕು ಚಿತ್ರಗಳಲ್ಲಿ ಹದಿನಾಲ್ಕು ಬಗೆಯಲ್ಲಿ ಹೇಳಿದಳು.
ಒಂದು ಸಲ, ಒಂದೇ ಸಲ, ನಾಯಕಿ.
ಲಾರಿ ಓಡಿಸುವ ವಿಧವೆ, ಸರಕಿನಲ್ಲಿ ಬಂದೂಕು.
ಎರಡು ವಾರ ಓಡಿತು.
ಲೀಲ್ ನಗರದ ಮೆಟ್ರೋ ಗೋಡೆಯ ಮೇಲೆ ಅವಳ ಮುಖ ಬಹಳ ದಿನ ಉಳಿದಿತ್ತು,
ಬಾಡಿಗೆಗೆ ಇನ್ನೊಂದು ಜಾಹೀರಾತು ಬರದ ಕಾರಣ.

ಜೋಲಿಯೆತ್ ಬಂದರಿನಲ್ಲಿ ನಡೆದದ್ದು ಹೇಳುತ್ತೇನೆ.
ಕಂಟೇನರಿನ ಮೇಲಿಂದ ದೋಣಿಗೆ ಜಿಗಿತ.
ಗಾಳಿ ತಿರುಗಿತು, ದೋಣಿ ಒಂದು ಗೇಣು ಸರಿಯಿತು,
ಅವಳ ಕೊರಳೆಲುಬು ಅಂಚಿಗೆ ಬಡಿದು ಮುರಿಯಿತು.
ಕೋಟಿನೊಳಗಿದ್ದ ಮೈಕು ಅದನ್ನು ಹಿಡಿದಿತ್ತು.
ಸ್ಟುಡಿಯೋದಲ್ಲಿ ಕೇಳಿಸಿಕೊಂಡ ನಿರ್ದೇಶಕ ಮುಖ ಸಿಂಡರಿಸಿದ:
"ಯಾರೋ ಪೆನ್ಸಿಲ್ ಬೀಳಿಸಿದ ಹಾಗಿದೆ. ಯಾರು ನಂಬುತ್ತಾರೆ?"
ನಾನು ಮೂರು ಕಡ್ಡಿ ಒಟ್ಟಿಗೆ ಹಿಡಿದು ಮುರಿದೆ.
ನಂಬಿದರು.

ಕೈಗೆ ಜೋಳಿಗೆ ಕಟ್ಟಿಕೊಂಡು ಬಂದಳು ಮುಂದಿನ ವಾರ.
ಎರಡನ್ನೂ ಕೇಳಿಸು ಅಂದಳು.
ಕೇಳಿಸಿದೆ. ಇನ್ನೊಮ್ಮೆ ಅಂದಳು.
"ನಿನ್ನದೇ ಚೆನ್ನಾಗಿದೆ ಕಣೋ, ಸೊಪ್ಪಿನವನೇ,"
ಎಂದು ಮೇಜಿನ ಮೇಲಿದ್ದ ಮೂಳೆಯೊಂದನ್ನು ಎತ್ತಿ
ಕಚ್ಚಿ ತಿಂದಳು.

ಈಗ ಅವಳಿಗೆ ಐವತ್ತೆಂಟು.
ಬೀಳಲು ಯಾರೂ ಕರೆಯುವುದಿಲ್ಲ, ನರಳಲು ಕರೆಯುತ್ತಾರೆ.
ತೆರೆಯ ಮೇಲೆ ಬೇರೆಯ ಹುಡುಗಿ;
ಕಣ್ಣು ಚೂಪು, ಮಾತು ಚೂಪು,
ಏಟು ತಿಂದರೆ ಮಾತ್ರ ಸೀನಿದ ಹಾಗೆ ಕೇಳುತ್ತದೆ.
ಅದಕ್ಕೆ ಶಾಕೆ, ಕಾಲುಚೀಲದಲ್ಲಿ, ಮೈಕಿನ ಮುಂದೆ;
ಪಕ್ಕದಲ್ಲಿ ನಾನು, ನನ್ನ ಕಟ್ಟು.
ಹುಡುಗಿ ಅಟ್ಟಣಿಗೆಯಿಂದ ಜಾರಿದಳು.
ಬೆನ್ನು ನೆಲ ಮುಟ್ಟುವ ಮೊದಲೇ ಶಾಕೆಯ ಉಸಿರು ಕತ್ತರಿಸಿತು.

ಬೇಗ ಆಯಿತು ಮೇಡಂ, ಅಂದ ಗಾಜಿನಾಚೆಯ ಹುಡುಗ.
ಬೇಗ ಏನಿಲ್ಲ, ಅಂದಳು.
ಬೀಳುವವಳಿಗೆ ನೆಲ ಮೊದಲೇ ಸಿಗುತ್ತದೆ.
ಅವನು ತಿದ್ದಿ ಸರಿಯಾದ ಜಾಗಕ್ಕೆ ಕೂರಿಸಿದ.

ಕಾಫಿ ಕುಡಿಯುವಾಗ ಕೇಳಿದಳು,
ಆ ಪೆನ್ಸಿಲ್ ಸದ್ದು ಇದೆಯಾ ಇನ್ನೂ?
ಅಳಿಸಿಬಿಟ್ಟೆ, ಎಂದೆ.
ಅಳಿಸಿಲ್ಲ.
ಅವಳು ನನ್ನ ಕೈ ನೋಡಿದಳು, ಮುಖವನ್ನಲ್ಲ;
ಉಳಿದ ಸೆಲರಿಯನ್ನು ಹಾಳೆಯಲ್ಲಿ ಸುತ್ತಿ
ಚೀಲಕ್ಕೆ ಹಾಕಿಕೊಂಡಳು,
ರಾತ್ರಿಯ ಸೂಪಿಗೆ.